ಸಣ್ಣ ಚಿತ್ರಕ್ಕೆ ಚದರ ಇಂಚಿನ ರೇಟು ಒಪ್ಪಬೇಡಿ, ನಾನು ಒಪ್ಪಿ ಕೆಟ್ಟೆ

ಮೈಸೂರು ಶೈಲಿಯ ಚಿತ್ರ ಬರೆಯುವವರು, ಅದರಲ್ಲೂ ಮನೆಯಲ್ಲೇ ಕೂತು ಸಣ್ಣ ಸೈಜಿನ ಆರ್ಡರ್ ತಗೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾಲ್ಕು ತಿಂಗಳು ದುಡಿದು, ಚಿನ್ನದ ರೇಕಿಗೆ (ಚಿತ್ರದ ಮೇಲೆ ಅಂಟಿಸುವ ತೆಳ್ಳನೆಯ ಚಿನ್ನದ ಹಾಳೆಗೆ) ಕೈಯಿಂದ ದುಡ್ಡು ಹಾಕಿ, ಕೊನೆಗೆ "ನೀವೇ ಒಪ್ಪಿದ್ದಲ್ವಾ ಮೇಡಂ" ಅನ್ನಿಸಿಕೊಂಡವಳು ನಾನು. ಮೂರು ವಾರ ಮನೆಯವರನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ಹನ್ನೊಂದು ವರ್ಷದಿಂದ ಕುಂಚ ಹಿಡಿದವಳು ಲೆಕ್ಕ ಗೊತ್ತಿಲ್ಲದೆ ಮೋಸ ಹೋದಳು ಅಂದುಬಿಟ್ಟರೆ ಅಂತ ನಾಚಿಕೆ. ಈಗ ಆ ಆರ್ಡರ್ ಕೊಟ್ಟ ವ್ಯಕ್ತಿಯೇ ನನ್ನ ಜೊತೆ ಕಲಿತ ಹುಡುಗಿಯೊಬ್ಬಳಿಗೆ ಫೋನ್ ಮಾಡಿ ಅದೇ ಮಾತು ಆಡಿದ್ದಾನೆ. ಅದೇ ಚದರ ಇಂಚಿನ ಮಾತು. ಅದಕ್ಕೇ ಬರೆಯುತ್ತಿದ್ದೇನೆ.

ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಹೋಗಿದ್ದೆ. ಕುಮಾರಕೃಪಾ ರಸ್ತೆಯಲ್ಲಿ ಗೆಳತಿಯ ಜೊತೆ ಜಾಗ ಹಂಚಿಕೊಂಡು ಐದಾರು ಚಿತ್ರ ಇಟ್ಟಿದ್ದೆ. ಈತ ಬಂದು, ತುಂಬಾ ಹೊತ್ತು ನಿಂತು ನೋಡಿ, ಕಾರ್ಡ್ ತಗೊಂಡು ಹೋದ. ಕಂಪನಿಗಳಿಗೆ, ಮದುವೆ ಮನೆಗಳಿಗೆ ಗಿಫ್ಟ್ ಬಾಕ್ಸ್ ಮಾಡಿಕೊಡುವ ವ್ಯವಹಾರ ಅಂತೆ. ಹೆಸರು ಬರೆಯಲ್ಲ. ವಾರ ಕಳೆದು ಫೋನ್ ಬಂತು. 24 ಗಜಲಕ್ಷ್ಮಿ ಬೇಕು, 5 ಇಂಚು ಅಗಲ 7 ಇಂಚು ಎತ್ತರ, ಅಸಲಿ ಚಿನ್ನದ ರೇಕೇ ಇರಬೇಕು. ನನಗೆ ಎಷ್ಟು ಖುಷಿಯಾಯಿತು ಅಂದರೆ, ಒಟ್ಟಿಗೆ 24ರ ಆರ್ಡರ್ ನನ್ನ ಜೀವನದಲ್ಲೇ ಬಂದಿರಲಿಲ್ಲ.

ರೇಟು ಎಷ್ಟು ಅಂತ ನಾನು ಯೋಚಿಸುವಷ್ಟರಲ್ಲಿ ಆತನೇ ಕೇಳಿದ. "ಸಂತೆಯಲ್ಲಿ ಹನ್ನೆರಡು ಹದಿನಾರರ ಸರಸ್ವತಿಗೆ ಎಷ್ಟು ಹೇಳಿದ್ರಿ ಮೇಡಂ?" 18,000 ಅಂದೆ. ಕ್ಯಾಲ್ಕ್ಯುಲೇಟರ್ ಒತ್ತುವ ಸದ್ದು ಕೇಳಿಸಿತು. "192 ಚದರ ಇಂಚು. ಅಂದ್ರೆ ಇಂಚಿಗೆ 93 ರೂಪಾಯಿ ಚಿಲ್ಲರೆ. ನಮ್ಮದು 35 ಚದರ ಇಂಚು. 3,280 ಆಯ್ತು. 24 ಪೀಸ್ ಒಟ್ಟಿಗೆ ತಗೊಳ್ತಿದ್ದೀವಿ, 2,200 ಮಾಡ್ಕೊಡಿ." ಅಷ್ಟು ಸಲೀಸಾಗಿ ಹೇಳಿದ. ಲೆಕ್ಕ ಸರಿಯಾಗೇ ಇದೆಯಲ್ಲ ಅನ್ನಿಸಿತು. ನಾನೇ ಹೇಳಿದ ರೇಟಿನಿಂದಲೇ ಬಂದ ಲೆಕ್ಕ, ಇಲ್ಲ ಅನ್ನೋದು ಹೇಗೆ? ರಾತ್ರಿ ವಾಟ್ಸಾಪ್‌ನಲ್ಲಿ ಅದನ್ನೇ ಬರೆದು ಕಳಿಸಿದ. ಅದರಲ್ಲಿ ಸೈಜ್ ಇತ್ತು, ಪೀಸ್ ಎಷ್ಟು ಅಂತ ಇತ್ತು, ರೇಟು ಇತ್ತು. ಗಜಲಕ್ಷ್ಮಿ ಅನ್ನುವ ಮಾತು ಇರಲಿಲ್ಲ. ನಾನು ನೋಡಲೇ ಇಲ್ಲ. "ಓಕೆ ಸರ್" ಅಂತ ಹಾಕಿ ಕೈ ಮುಗಿದ ಚಿಹ್ನೆ ಒತ್ತಿದೆ.

ನಾನು ಬಿದ್ದ ಮೊದಲ ಹಳ್ಳ ಇದೇ. ಈ ಕೆಲಸ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ನನಗೂ ಗೊತ್ತಿತ್ತು, ಆದರೂ ಬಿದ್ದೆ. ದೊಡ್ಡ ಚಿತ್ರದಲ್ಲಿ ಹಿನ್ನೆಲೆ ಇರುತ್ತದೆ, ಪರದೆ ಇರುತ್ತದೆ, ನೆಲ ಇರುತ್ತದೆ. ಅಲ್ಲೆಲ್ಲ ಬಣ್ಣ ಬೇಗ ಹರಿಯುತ್ತದೆ. 5×7ರಲ್ಲಿ ಆ ಬಿಡುವೇ ಇಲ್ಲ. ಚಿತ್ರ ಸಣ್ಣದಾಯಿತು ಅಂತ ಲಕ್ಷ್ಮಿಯ ಕಿರೀಟದ ಮುತ್ತು ಕಡಿಮೆಯಾಗುವುದಿಲ್ಲ. ಕಾಸಿನ ಸರ, ವಡ್ಯಾಣ, ತೋಳಬಂದಿ, ಪ್ರಭಾವಳಿಯ ಬಳ್ಳಿ ಎಲ್ಲಾ ಅಷ್ಟೇ ಇರಬೇಕು, ಕೂದಲೆಳೆಯಷ್ಟು ಸಣ್ಣಗೆ ಇರಬೇಕು. ನಮ್ಮದರಲ್ಲಿ ಜೆಸ್ಸೋ (ರೇಕಿನ ಕೆಳಗೆ ಆಭರಣ ಉಬ್ಬಿ ಕಾಣಲು ಇಡುವ ಲೇಪ) ತಂಜಾವೂರು ಚಿತ್ರದ ಹಾಗೆ ದಪ್ಪಗೆ ಉಬ್ಬುವುದಿಲ್ಲ, ತೆಳ್ಳಗೆ ಏಳಬೇಕು. ಕುಂಚದ ತುದಿಯಲ್ಲಿ ಹನಿ ಹನಿಯಾಗಿ ಇಟ್ಟು, ಒಣಗಿಸಿ, ಮತ್ತೆ ಇಡಬೇಕು. ಒಂದು ಹನಿ ಹೆಚ್ಚು ಬಿದ್ದರೆ ದೊಡ್ಡ ಚಿತ್ರದಲ್ಲಿ ಯಾರಿಗೂ ಕಾಣಲ್ಲ, ಇಲ್ಲಿ ಒಂದು ಬಳೆಯೇ ಮುಚ್ಚಿಹೋಗುತ್ತದೆ.

ರೇಕೂ ಅಷ್ಟೇ. ಸಣ್ಣ ಚೂರು ಮಾಡಿ ಅಂಟಿಸುವಾಗಲೇ ಹೆಚ್ಚು ಹಾಳಾಗುವುದು. ಫ್ಯಾನ್ ಹಾಕುವ ಹಾಗಿಲ್ಲ, ಜೋರಾಗಿ ಉಸಿರು ಬಿಡುವ ಹಾಗಿಲ್ಲ, ಹಾರಿಹೋಗುತ್ತದೆ. ಮಾರ್ಚ್ ತಿಂಗಳ ಸೆಕೆಯಲ್ಲಿ ಕಿಟಕಿ ಮುಚ್ಚಿಕೊಂಡು ಕೂತಿದ್ದೆ. ಒಂದು ಚಿತ್ರಕ್ಕೆ ಮೂರು ರೇಕು ಖರ್ಚು. 25 ಹಾಳೆಯ ಒಂದು ಪುಸ್ತಕ ನನಗೆ 4,200ಕ್ಕೆ ಸಿಕ್ಕಿತು, ಮೂರು ಪುಸ್ತಕ ತಂದೆ. 12,600 ಅಲ್ಲೇ ಹೋಯಿತು. ಆತ ಕೊಟ್ಟ ಮುಂಗಡ ಎಷ್ಟು ಗೊತ್ತಾ? 10,000. ಅಂದರೆ ಆತನ ಚಿನ್ನಕ್ಕೂ ನಾನೇ ದುಡ್ಡು ಹಾಕಿದೆ.

ಆರು ಗಜಲಕ್ಷ್ಮಿ ಮುಗಿಸಿ ಕಳಿಸಿದೆ. ಒಂದೊಂದಕ್ಕೆ 14 ಗಂಟೆ ಹಿಡಿಯಿತು. ಹೋಗಲಿ, ಆರ್ಡರ್ ದೊಡ್ಡದು ಅಂತ ಸಮಾಧಾನ ಮಾಡಿಕೊಂಡೆ. ಆಗ ಬಂತು ಮೆಸೇಜು. "ಕ್ಲೈಂಟ್‌ಗೆ ವೆರೈಟಿ ಬೇಕಂತೆ ಅಕ್ಕಾ. ಆರು ಗಜಲಕ್ಷ್ಮಿ ಆಯ್ತಲ್ಲ, ಇನ್ನು ಆರು ಸರಸ್ವತಿ, ಆರು ಅಂಬೆಗಾಲು ಕೃಷ್ಣ, ಆರು ರಾಮ ಪಟ್ಟಾಭಿಷೇಕ ಮಾಡಿಬಿಡಿ."

ಗಮನಿಸಿ, ಅಲ್ಲಿಯವರೆಗೆ ಮೇಡಂ ಆಗಿದ್ದವಳು ಅವತ್ತು ಅಕ್ಕ ಆದೆ.

ಸರಸ್ವತಿ, ಕೃಷ್ಣ ಆಗಬಹುದು ಅಂದೆ. ಪಟ್ಟಾಭಿಷೇಕಕ್ಕೆ ಫೋನ್ ಮಾಡಿದೆ. "ಸರ್, ಆ ರೇಟಿಗೆ ಪಟ್ಟಾಭಿಷೇಕ ಆಗಲ್ಲ. ಹನ್ನೊಂದು ಜನ ಬರ್ತಾರೆ ಅದರಲ್ಲಿ."

"ಸೈಜ್ ಅದೇ ಅಲ್ವಾ ಅಕ್ಕಾ?"

"ಸೈಜ್ ಅದೇ. ಕೆಲಸ ಅದಲ್ಲ."

"ಐದು ಏಳೇ ಅಲ್ವಾ? 35 ಚದರ ಇಂಚೇ ಅಲ್ವಾ? ನಾವು ಮಾತಾಡಿರೋದು ಇಂಚಿಗೆ. ಒಳಗೆ ಒಬ್ಬರಿದ್ರೂ ಅಷ್ಟೇ, ಹತ್ತು ಜನ ಇದ್ರೂ ಅಷ್ಟೇ. ನೀವೇ ಓಕೆ ಅಂದಿದ್ದೀರಲ್ಲ."

ನಾನು ಸುಮ್ಮನಾದೆ. ಆ ಕ್ಷಣ ಇವತ್ತಿಗೂ ನಿದ್ದೆಯಲ್ಲಿ ಬರುತ್ತದೆ. ಬಾಯಲ್ಲಿ ಉತ್ತರವೇ ಇರಲಿಲ್ಲ. ಫೋನ್ ಇಟ್ಟ ಎರಡು ನಿಮಿಷಕ್ಕೆ ನನ್ನದೇ "ಓಕೆ ಸರ್" ಸ್ಕ್ರೀನ್‌ಶಾಟ್ ಆಗಿ ಬಂತು, ಕೆಂಪು ಗೆರೆ ಎಳೆದು. ಅದರ ಕೆಳಗೆ, "ನಿಮ್ಮ ತಮ್ಮ ಅಂದ್ಕೊಳ್ಳಿ ಅಕ್ಕಾ, ಇದೊಂದು ಸಲ ಅಡ್ಜಸ್ಟ್ ಮಾಡ್ಕೊಳ್ಳಿ, ಮುಂದೆ ತುಂಬಾ ಕೆಲಸ ಕೊಡ್ತೀನಿ."

ಅವತ್ತೇ ಬಿಟ್ಟುಬಿಡಬೇಕಿತ್ತು. ಬಿಡಲಿಲ್ಲ. ರೇಕು ತಂದಾಗಿತ್ತು, ಹಲಗೆ ಕತ್ತರಿಸಿ ಆಗಿತ್ತು. ಹಿಂದಿನ ದುಡ್ಡೂ ಬರಲ್ಲ ಅನ್ನುವ ಭಯ.

ಪಟ್ಟಾಭಿಷೇಕ ಶುರು ಮಾಡಿದೆ. ಸಿಂಹಾಸನದಲ್ಲಿ ರಾಮ ಸೀತೆ, ಮೂವರು ತಮ್ಮಂದಿರು, ಪಾದದ ಹತ್ತಿರ ಹನುಮ, ಪಕ್ಕದಲ್ಲಿ ವಸಿಷ್ಠರು, ಆ ಕಡೆ ವಿಭೀಷಣ, ಸುಗ್ರೀವ, ಜಾಂಬವಂತ, ಅಂಗದ. ಅಂಚು, ಮಂಟಪದ ಕಮಾನು ಬಿಟ್ಟರೆ ಇವರಿಗೆಲ್ಲ ಉಳಿಯುವುದು ಅಂಗೈಯಷ್ಟು ಜಾಗ. ಮೂಲೆಯ ಅಂಗದನ ಮುಖ ತೊಗರಿಬೇಳೆಗಿಂತ ಸಣ್ಣದು. ಅದರಲ್ಲಿ ಕಣ್ಣು, ಕಣ್ಣಿನಲ್ಲಿ ರಾಮನ ಕಡೆ ನೋಟ. ಮೂರು ಸೊನ್ನೆಯ, ಅಂದರೆ ತೀರಾ ಸಣ್ಣ ತುದಿಯ ಕುಂಚ ಹಿಡಿದು, ಉಸಿರು ಕಟ್ಟಿ, ಒಂದು ಗೆರೆ ಎಳೆದು, ಕುಂಚ ಕೆಳಗಿಟ್ಟು, ಕಣ್ಣು ಮುಚ್ಚಿ ಕೂತು, ಮತ್ತೆ ಇನ್ನೊಂದು ಗೆರೆ. ಒಂದು ಚಿತ್ರ 40 ಗಂಟೆ ತಿಂದಿತು. ರೇಕಿನ ಖರ್ಚು ಕಳೆದು ಲೆಕ್ಕ ಹಾಕಿದೆ: ಗಂಟೆಗೆ 42 ರೂಪಾಯಿ. ಬೋರ್ಡಿನ ಬೆಲೆ, ಬಣ್ಣ, ಕುಂಚ ಇನ್ನೂ ಹಿಡಿದಿಲ್ಲ.

ನಮ್ಮ ಗುರುಗಳು ಯಾರಾದರೂ ರೇಟು ಕೇಳಿಕೊಂಡು ಬಂದರೆ ಮೊದಲು ಕೇಳುತ್ತಿದ್ದದ್ದು "ಮುಖ ಎಷ್ಟು?" ಅಂತ. ಸೈಜು ಆಮೇಲೆ. ಆರು ವರ್ಷ ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದೇನೆ. ಅಂಗದನ ಕಣ್ಣು ಬರೆಯುವಾಗ ನೆನಪಾಯಿತು, ಅಳು ಬಂತು.

ತಿದ್ದುವ ಕಾಟ ಬೇರೆ. ಪೆನ್ಸಿಲ್ ಗೆರೆ ಕಳಿಸಿದಾಗ "ಸೂಪರ್ ಅಕ್ಕಾ" ಅಂತ ಬರೆದವನು, ರೇಕು ಕೂತು ಬಣ್ಣ ತುಂಬಿದ ಮೇಲೆ "ಕೃಷ್ಣ ಇಷ್ಟು ಕಪ್ಪು ಬೇಡ", "ಬಾರ್ಡರ್ ತೆಗೀಬಹುದಾ", "ತಂಜಾವೂರು ತರ ಉಬ್ಬಿಸಿ ಕಲ್ಲು ಕೂರಿಸಿದ್ರೆ ರಿಚ್ ಕಾಣುತ್ತೆ". ರೇಕು ಕೂತ ಮೇಲೆ ಅಂಚು ತೆಗೆಯುವುದೆಂದರೆ ಕೆರೆದು ಹಾಕಬೇಕು, ಆ ಚಿನ್ನ ಮಣ್ಣುಪಾಲು. ಎರಡು ಕೃಷ್ಣನ ಚಿತ್ರ ಹಾಗೆ ಮತ್ತೆ ಬಣ್ಣ ಮಾಡಿದ್ದೇನೆ, ಪುಕ್ಕಟೆಯಾಗಿ. ರೇಕಿನ ಖರ್ಚು ಹೇಳಿಕೊಂಡಾಗ ಬಂದ ಉತ್ತರ, "ಅಷ್ಟಾಗುತ್ತೆ ಅಂದಿದ್ರೆ ಇಮಿಟೇಷನ್ ಹಾಕ್ಬಹುದಿತ್ತಲ್ಲ." ಅಸಲಿಯೇ ಬೇಕು ಅಂತ ಮೊದಲ ದಿನ ಹೇಳಿದ್ದು ಯಾರು? ಇಮಿಟೇಷನ್ ರೇಕು ಅಂದರೆ ತಾಮ್ರ ಸತು ಸೇರಿದ್ದು, ಕಾಲ ಹೋದಂತೆ ಕಪ್ಪಾಗುತ್ತದೆ. ಅದನ್ನು ಹಾಕಿ ಚಿನ್ನ ಅಂತ ಮಾರುವ ಮನಸ್ಸು ನನಗಿಲ್ಲ.

ಜೂನ್ ಹೊತ್ತಿಗೆ 20 ಚಿತ್ರ ಕೊಟ್ಟೆ, ಅದರಲ್ಲಿ ಪಟ್ಟಾಭಿಷೇಕ ಎರಡೇ. ಮಳೆ ಹಿಡಿದು ಜೆಸ್ಸೋ ಒಣಗುತ್ತಿರಲಿಲ್ಲ, ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಇನ್ನು ಆಗಲ್ಲ, ಆದಷ್ಟಕ್ಕೆ ಲೆಕ್ಕ ಮುಗಿಸಿ ಅಂದೆ. 20ಕ್ಕೆ 44,000. ಮುಂಗಡದ 10,000, ನಡುವೆ ಕೊಟ್ಟ 15,000 ಕಳೆದು 19,000 ಬರಬೇಕು.

"ಆರ್ಡರ್ ಪೂರ್ತಿ ಆಗಿಲ್ಲ ಮೇಡಂ. ನಮ್ಮ ಕ್ಲೈಂಟ್ ಹತ್ರ ನಮಗೆ ಲಾಸ್ ಆಗಿದೆ. ನಿಮ್ಮಿಂದಾನೇ ನಾವು ಕೇಳ್ಬೇಕಾಗುತ್ತೆ."

ಮತ್ತೆ ಮೇಡಂ ಆದೆ. ರೇಟು ಇಳಿಸುವಾಗ ಅಕ್ಕ, ದುಡ್ಡು ಕೊಡುವಾಗ ಮೇಡಂ. ಈ ಮಾತು ಗುರುತಿಟ್ಟುಕೊಳ್ಳಿ, ನಿಮಗೂ ಹೀಗೇ ಮಾತಾಡುತ್ತಾನೆ.

ಇಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಅಂತಿದ್ದೆನೋ ಏನೋ. ಶ್ರಾವಣದಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಉಡುಗೊರೆ ಬಿಚ್ಚುತ್ತಿದ್ದರು. ಒಂದು ಬಾಕ್ಸಿನಲ್ಲಿ ಗಜಲಕ್ಷ್ಮಿ. ನನ್ನದೇ ಗಜಲಕ್ಷ್ಮಿ. ಕೈಯಲ್ಲಿ ತಗೊಂಡು ಓರೆ ಮಾಡಿದೆ, ಬೆಳಕಿಗೆ ಉಬ್ಬು ಕಾಣಲಿಲ್ಲ. ಬೆರಳಾಡಿಸಿದೆ, ನುಣ್ಣಗಿತ್ತು. ಪ್ರಿಂಟ್. ಎಡಗಡೆ ಆನೆಯ ದಂತದ ಬುಡದಲ್ಲಿ ನನ್ನ ಕೈ ತಪ್ಪಿ ಜೆಸ್ಸೋ ಒಂದು ಹನಿ ಹೆಚ್ಚು ಬಿದ್ದಿತ್ತು, ಅದರ ನೆರಳು ಕೂಡ ಹಾಗೇ ಅಚ್ಚಾಗಿದೆ. ಕಿರೀಟದ ಮೇಲೆ ಮಾತ್ರ ಯಾರೋ ಬಂಗಾರದ ಬಣ್ಣ ಬಳಿದಿದ್ದಾರೆ. ಬಾಕ್ಸಿನ ಮೇಲೆ "ಕೈಯಿಂದ ರಚಿಸಿದ ಮೈಸೂರು ಸಾಂಪ್ರದಾಯಿಕ ಚಿತ್ರ" ಅಂತ. ನಮ್ಮ ಕಲೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಆ ಹೆಸರಿಟ್ಟು ಪ್ರಿಂಟ್ ಮಾರುತ್ತಾರೆ. ಅಲ್ಲಿ ಎಲ್ಲರ ಮುಂದೆ ಏನೂ ಹೇಳಲಾಗದೆ ಊಟ ಮಾಡದೆ ಎದ್ದು ಬಂದೆ.

ಫೋನ್ ಮಾಡಿ ಕೇಳಿದೆ. ಬಂದ ಉತ್ತರ, "ದುಡ್ಡು ಕೊಟ್ಟು ಮಾಡಿಸಿದ್ದು ನಾವು ಮೇಡಂ. ಏನು ಬೇಕಾದ್ರೂ ಮಾಡ್ಕೋಬಹುದು."

ವಕೀಲಿಕೆ ಮಾಡುವ ಚಿಕ್ಕಪ್ಪನ ಹತ್ತಿರ ಓಡಿದೆ. ಅವರು 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ತೆಗೆದು ತೋರಿಸಿದರು. ಹಣ ಕೊಟ್ಟು ಹೇಳಿ ಬರೆಸಿದ ಚಿತ್ರಕ್ಕೆ, ಬೇರೆ ಕರಾರು ಇಲ್ಲದಿದ್ದರೆ, ಬರೆಸಿದವನೇ ಕೃತಿಸ್ವಾಮ್ಯದ ಮೊದಲ ಒಡೆಯ. ಕಾನೂನಿನಲ್ಲಿ ಹಾಗೇ ಇದೆ! ಇದು ನಮ್ಮ ಸಹಪಾಠಿಗಳಲ್ಲಿ ಎಷ್ಟು ಜನಕ್ಕೆ ಗೊತ್ತು? ಇದನ್ನು ಬರೆದವಳು ನಾನು ಅಂತ ಹೇಳಿಕೊಳ್ಳುವ ಹಕ್ಕು 57ನೇ ಸೆಕ್ಷನ್ ಪ್ರಕಾರ ನನಗೇ ಉಳಿಯುತ್ತದಂತೆ. ಪ್ರಿಂಟ್ ತಡೆಯಬೇಕಿದ್ದರೆ ಮೊದಲೇ ಬರೆಸಿಕೊಳ್ಳಬೇಕಿತ್ತು. ಒಂದೇ ಒಂದು ಸಾಲು, "ಪ್ರಿಂಟ್ ಹಕ್ಕು ಕಲಾವಿದೆಯದು" ಅಂತ.

19,000 ವಸೂಲಿಗೂ ಚಿಕ್ಕಪ್ಪ ಕೇಳಿದ್ದು, "ಉದ್ಯಮ್ ನೋಂದಣಿ ಮಾಡಿಸಿದ್ದೀಯಾ?" ಇಲ್ಲ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಲ್ಲಿ ಈ ನೋಂದಣಿ ಇರುವ ಸಣ್ಣ ಉದ್ಯಮಕ್ಕೆ ಖರೀದಿದಾರ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸಮೇತ. ನೋಂದಣಿಗೆ ಒಂದು ಪೈಸೆ ಖರ್ಚಿಲ್ಲ. ಇವತ್ತೇ ಮಾಡಿಸಿಕೊಳ್ಳಿ, ನಾಳೆ ಅನ್ನಬೇಡಿ.

ನಾನು ಈಗ ರೇಟು ಹೇಳುವುದು ಹೀಗೆ. ಮುಖ ಎಣಿಸುತ್ತೇನೆ. ಒಂದು ಮುಖ ಹೆಚ್ಚಾದರೂ ರೇಟು ಬೇರೆ. ಚಿನ್ನದ ರೇಕು ನನ್ನ ಕೂಲಿಯಲ್ಲಿ ಸೇರುವುದಿಲ್ಲ, ತರುವ ದಿನದ ಬೆಲೆಗೆ ಅವರೇ ಮುಂಗಡವಾಗಿ ಕೊಡಬೇಕು, ಉಳಿದದ್ದರಲ್ಲಿ ಅರ್ಧ ಕೈಗೆ ಬರದೆ ಹಲಗೆ ಮುಟ್ಟುವುದಿಲ್ಲ. ತಿದ್ದುವುದಿದ್ದರೆ ಪೆನ್ಸಿಲ್ ಗೆರೆಯಲ್ಲೇ, ರೇಕು ಕೂತ ಮೇಲೆ ಮಾತಿಲ್ಲ. ಕ್ಯಾಲ್ಕ್ಯುಲೇಟರ್ ಸದ್ದು ಕೇಳಿದರೆ ಫೋನ್ ಇಡುತ್ತೇನೆ. "ಅಷ್ಟೊಂದಾ? ಇಷ್ಟು ಸಣ್ಣದಕ್ಕೆ?" ಅಂತ ಇಬ್ಬರು ಈಗಾಗಲೇ ಬಿಟ್ಟು ಹೋಗಿದ್ದಾರೆ. ಹೋಗಲಿ. ಗಂಟೆಗೆ 42 ರೂಪಾಯಿಗೆ ಕಣ್ಣು ಕಳೆದುಕೊಳ್ಳುವುದಕ್ಕಿಂತ ಅದೇ ವಾಸಿ. ದಯವಿಟ್ಟು ನೀವೂ ಇಳಿಸಬೇಡಿ. ನೀವು ಇಳಿಸಿದರೆ "ಅವರು ಇಷ್ಟಕ್ಕೆ ಮಾಡ್ತಾರೆ" ಅಂತ ನಿಮ್ಮ ಸ್ಕ್ರೀನ್‌ಶಾಟ್ ನನಗೆ ಬರುತ್ತದೆ, ನನ್ನದು ನಿಮಗೆ ಬರುತ್ತದೆ.

ಉಳಿದ ನಾಲ್ಕು ಪಟ್ಟಾಭಿಷೇಕದ ಹಲಗೆಗಳು ಪೆನ್ಸಿಲ್ ಗೆರೆಯಲ್ಲೇ ಕಪಾಟಿನಲ್ಲಿವೆ. ಮೊನ್ನೆ ಆತನಿಂದ ಮತ್ತೆ ಮೆಸೇಜ್ ಬಂತು. "ಅಕ್ಕಾ, ದಸರಾಗೆ ಒಳ್ಳೆ ಆರ್ಡರ್ ಇದೆ. ಚಾಮುಂಡೇಶ್ವರಿ, 4×6. ಅದೇ ರೇಟು ಇಟ್ಕೊಳ್ಳೋಣ." ಮೊದಲು 19,000 ಹಾಕಿ ಅಂತ ಬರೆದೆ. ಎರಡು ನೀಲಿ ಗೆರೆ ಬಿದ್ದಿವೆ. ಉತ್ತರ ಬಂದಿಲ್ಲ.