ಫರಾಯಿಜ್ ಆ್ಯಪ್‌ಗಳು: ಲೆಕ್ಕ ಪಕ್ಕಾ, ವಾಟ್ನಿಗೆ (ಆಸ್ತಿ ಹಂಚಿಕೆಗೆ) ಮಾತ್ರ ಸಾಲದು

ಲೆಕ್ಕಕ್ಕೆ ಐದರಲ್ಲಿ ನಾಲ್ಕು ಸ್ಟಾರ್, ಕಾಗದಪತ್ರಕ್ಕೆ ಒಂದು. ಫರಾಯಿಜ್, ಅಂದರೆ ಮುಸ್ಲಿಂ ವಾರಸಾ ಪಾಲು ತೆಗೆಯಲು ಮೊಬೈಲಿನಲ್ಲಿ ಪುಕ್ಕಟೆ ಸಿಗುವ ಕ್ಯಾಲ್ಕುಲೇಟರ್‌ಗಳಿಗೆ ಇದಕ್ಕಿಂತ ಹೆಚ್ಚು ಕೊಡುವಂತಿಲ್ಲ.

ಇಳಿಸಿಕೊಂಡ ಕೂಡಲೇ ಪರೀಕ್ಷೆ ಮಾಡಿ. ಕುಂದಗೋಳ ಕಡೆ ಮೂರು ಎಕರೆ ಎರಿ ಹೊಲ, ಅಂದರೆ 120 ಗುಂಟೆ ಇದೆ ಅಂದುಕೊಳ್ಳಿ. ತೀರಿಕೊಂಡವರಿಗೆ ತಾಯಿ, ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಹನಫಿ (ಸುನ್ನಿ ಕಾನೂನಿನ ಒಂದು ಪಂಥ) ಆರಿಸಿ ಲೆಕ್ಕ ಹಾಕಿದರೆ ತಾಯಿಗೆ ಆರರಲ್ಲೊಂದು 20 ಗುಂಟೆ, ಹೆಂಡತಿಗೆ ಎಂಟರಲ್ಲೊಂದು 15, ಉಳಿದ 85ರಲ್ಲಿ ಗಂಡುಮಕ್ಕಳಿಗೆ ತಲಾ 34, ಮಗಳಿಗೆ 17 ಬರಬೇಕು. ಇನ್ನೊಂದು ಪರೀಕ್ಷೆ ಔಲ್, ಅಂದರೆ ಪಾಲುಗಳು ಕೂಡಿ ಆಸ್ತಿಯನ್ನೇ ಮೀರುವುದು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ತಂದೆ, ತಾಯಿ ಇದ್ದರೆ 24 ಪಾಲಿನ ಆಸ್ತಿಗೆ 27 ಪಾಲಿನ ಹಕ್ಕುದಾರರು ನಿಲ್ಲುತ್ತಾರೆ. ಆಗ ಆಸ್ತಿಯನ್ನೇ 27 ಭಾಗ ಮಾಡಿ ಹೆಂಡತಿಗೆ 3, ಹೆಣ್ಣುಮಕ್ಕಳಿಗೆ ತಲಾ 8, ತಂದೆ-ತಾಯಿಗೆ ತಲಾ 4 ತೋರಿಸಬೇಕು. ತೋರಿಸದಿದ್ದರೆ ಡಿಲೀಟ್ ಮಾಡಿ.

ಲೆಕ್ಕ ಕೆಡುವುದು ಆ್ಯಪ್‌ನಿಂದಲ್ಲ, ನಾವು ತುಂಬುವ ಹೆಸರುಗಳಿಂದ. ಮೇಲಿನ ಹೊಲದ್ದೇ ನೋಡಿ. ಹೊಲದ ಯಜಮಾನ, ಅಂದರೆ ಆ ತಾಯಿಯ ಮಗ ಸತ್ತ ಮೇಲೆ ವಾರಸಾ ಮಾಡಿಸದೆ (ಉತಾರಕ್ಕೆ, ಅಂದರೆ ಪಹಣಿಗೆ ವಾರಸುದಾರರ ಹೆಸರು ಏರಿಸದೆ) ವರ್ಷಗಟ್ಟಲೆ ಬಿಟ್ಟರು, ಅಷ್ಟರಲ್ಲಿ ತಾಯಿಯೂ ಹೋದರು. ಈಗ ಬದುಕಿರುವವರನ್ನಷ್ಟೇ ತುಂಬಿದರೆ ಹೆಂಡತಿಗೆ 15, ಗಂಡುಮಕ್ಕಳಿಗೆ ತಲಾ 42, ಮಗಳಿಗೆ 21 ಅನ್ನುತ್ತದೆ. ಕೂಡಿಸಿದರೆ ಸರಿಯಾಗಿ 120, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ತಾಯಿಯ 20 ಗುಂಟೆ ಮಗ ಸತ್ತ ದಿನವೇ ಅವರದಾಗಿದೆ. ಅವರಿಗೆ ಬೇರೆ ಗಂಡುಮಕ್ಕಳಿದ್ದರೆ ಅದು ಆ ಮಕ್ಕಳಿಗೆ, ಅವರ ಅಕ್ಕತಂಗಿಯರಿಗೆ ಹೋಗುತ್ತದೆ. ತಂದೆ ಮೊದಲೇ ತೀರಿಕೊಂಡಿದ್ದರಿಂದ ಈ ಮೊಮ್ಮಕ್ಕಳಿಗೆ ಅದರಲ್ಲಿ ಏನೂ ಇಲ್ಲ. ವಾಟ್ನಿ ಪತ್ರ ನೋಂದಣಿಯಾದ ಮೇಲೆ ಚಿಕ್ಕಪ್ಪ ದಾವೆ ಹೂಡುವುದು ಇಂಥ ಕಡೆಯೇ. ಆದ್ದರಿಂದ ಒಂದೊಂದು ಸಾವಿಗೂ ಆ ದಿನ ಇದ್ದವರ ಪಟ್ಟಿ ಮಾಡಿ, ಬೇರೆ ಬೇರೆ ಲೆಕ್ಕ ಹಾಕಿ.

ಪಾಲಿಗಿಂತ ಮೊದಲು ದಫನ್ ಖರ್ಚು, ಸೊಸೈಟಿ ಸಾಲ, ಹೆಂಡತಿಗೆ ಕೊಡದೆ ಉಳಿದ ಮೆಹರ್ (ನಿಕಾಹ್‌ನಲ್ಲಿ ಗಂಡ ಕೊಡುವುದಾಗಿ ಒಪ್ಪಿದ ಹಣ) ಕಳೆಯಬೇಕು. ಮೆಹರ್‌ಗೆ ಪ್ರತ್ಯೇಕ ಜಾಗವಿಲ್ಲದಿದ್ದರೆ ನಿಕಾಹ್‌ನಾಮಾ ತೆಗೆದು ನೋಡಿ, ಬಾಕಿ ಮೊತ್ತವನ್ನು ಸಾಲದ ಕಾಲಂನಲ್ಲೇ ಸೇರಿಸಿ. ವಸೀಯತ್ (ಉಯಿಲು) ಆಮೇಲೆ, ಅದೂ ಉಳಿದದ್ದರ ಮೂರನೇ ಒಂದರವರೆಗೆ. ವಾರಸುದಾರರಲ್ಲೇ ಒಬ್ಬರಿಗೆ ಬರೆದಿದ್ದರೆ ಮಿಕ್ಕವರ ಒಪ್ಪಿಗೆ ಬೇಕು.

ಇಂಗ್ಲಿಷ್ ಮೆನುವಿನ ‘ಅಂಕಲ್’ ಬಗ್ಗೆಯೂ ಹುಷಾರು. ಚಿಕ್ಕಪ್ಪನ ಜಾಗದಲ್ಲಿ ಸೋದರಮಾವನನ್ನು ಒತ್ತಿದರೆ ಲೆಕ್ಕವೇ ಬೇರೆ.

ಒಂದು ಸ್ಟಾರ್ ಯಾಕೆಂದರೆ, ಆ್ಯಪ್ ಕೊಡುವ ಪಿಡಿಎಫ್ ಹಿಡಿದುಕೊಂಡು ಹೋದರೆ ಉತಾರದಲ್ಲಿ ಒಂದು ಗುಂಟೆಯೂ ಕದಲುವುದಿಲ್ಲ. ವಾರಸಾ ಆದರೆ ಎಲ್ಲರ ಹೆಸರೂ ಜಂಟಿಯಾಗಿ ಏರುತ್ತದೆ, ಅಷ್ಟೇ. ಹೊಲ ಬೇರೆಯಾಗಲು ಸರ್ವೆಯವರಿಂದ 11ಇ ನಕ್ಷೆ (ಹೊಲವನ್ನು ಅಳೆದು ಭಾಗ ತೋರಿಸುವ ನಕ್ಷೆ), ಅದರ ಮೇಲೆ ನೋಂದಾಯಿತ ವಿಭಾಗಪತ್ರ, ಅಂದರೆ ವಾಟ್ನಿ ಪತ್ರ ಬೇಕು. ಬರೆಸುವಾಗ ಹಳೆಯ ನಮೂನೆಯ ‘ಅವಿಭಕ್ತ ಕುಟುಂಬ’, ‘ಪಿತ್ರಾರ್ಜಿತ’ ಎಂಬ ಸಾಲುಗಳನ್ನು ಹೊಡೆಸಿ ಹಾಕಿ. ಮುಸ್ಲಿಂ ಕಾನೂನಿನಲ್ಲಿ ಹುಟ್ಟಿನಿಂದ ಬರುವ ಹಕ್ಕೇ ಇಲ್ಲ. ಪ್ರತಿ ಹೆಸರಿನ ಮುಂದೆ ಗುಂಟೆಯ ಜೊತೆಗೆ 120ರಲ್ಲಿ ಎಷ್ಟು ಪಾಲು ಎಂಬುದನ್ನೂ ಬರೆಸಿ.