ವಹಾಕಾದಿಂದ ತಂದ ಹಸಿರು ಮಡಕೆಯಲ್ಲಿ ದಯವಿಟ್ಟು ಹುಳಿ ಮಾಡಬೇಡಿ

ನಮ್ಮ ಪರಿಚಯದವರಲ್ಲೇ ನಾಲ್ಕು ಮನೆಯವರು ಈ ಸಲ ಡಿಸೆಂಬರ್ ರಜೆಗೆ ಮೆಕ್ಸಿಕೊದ ವಹಾಕಾಗೆ ಹೋಗುತ್ತಿದ್ದಾರೆ ಅಂತ ಮೊನ್ನೆ ಗೊತ್ತಾಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಹೋಗಬೇಡಿ ಅಂತಲ್ಲ, ಖಂಡಿತ ಹೋಗಿ. ಆದರೆ ಅಲ್ಲಿನ ಸಂತೆಯಲ್ಲಿ ಫಳಫಳ ಹೊಳೆಯುವ ಮಣ್ಣಿನ ಪಾತ್ರೆ ಕಂಡರೆ, ಅದನ್ನು ಅಡುಗೆಮನೆಗೆ ತರುವ ಮುಂಚೆ ನಮಗೆ ಆದದ್ದನ್ನು ಓದಿ.

ನಾವು ಹೋಗಿದ್ದು 2023ರ ಡಿಸೆಂಬರ್‌ನಲ್ಲಿ. ಟೆಕ್ಸಾಸ್‌ನಲ್ಲಿರುವ ನಮಗೆ ಅದು ಹತ್ತಿರದ ಊರು. ಅತ್ತೆ ಹಾಸನದಿಂದ ಬಂದಿದ್ದರು, ಮಗಳಿಗೆ ಆಗ ಒಂದೂವರೆ ವರ್ಷ. 23ನೇ ತಾರೀಕು ಅಲ್ಲಿ ಮೂಲಂಗಿ ಹಬ್ಬ. ದೊಡ್ಡ ದೊಡ್ಡ ಕೆಂಪು ಮೂಲಂಗಿಯಲ್ಲಿ ಗೊಂಬೆ ಕೆತ್ತಿ ಚೌಕದ ತುಂಬ ಇಡುತ್ತಾರೆ. ಅದನ್ನು ನೋಡಿ, ಪಕ್ಕದಲ್ಲೇ ಇರುವ ಬೆನಿತೊ ಹುವಾರೆಸ್ ಮಾರ್ಕೆಟ್ ಸುತ್ತಿದೆವು. ನೂಲಿನ ಉಂಡೆ ಥರ ಸುತ್ತಿಟ್ಟ ಚೀಸ್, ರಾಶಿ ಹಾಕಿದ ಹುರಿದ ಮಿಡತೆ, ಮೋಲೆ ಅನ್ನುವ ಗಟ್ಟಿ ಸಾರಿಗೆ ಹಾಕುವ ಬಣ್ಣಬಣ್ಣದ ಮಸಾಲೆಯ ಗುಡ್ಡೆ. ಕೊಕೊ ಬೀಜಕ್ಕೆ ಬಾದಾಮಿ, ಚಕ್ಕೆ ಸೇರಿಸಿ ಬೀಸಿಕೊಡುವ ಗಿರಣಿಗಳ ಬೀದಿಗೆ ಹೋದಾಗ ಅತ್ತೆ ಅಲ್ಲಿಂದ ಕದಲಲೇ ಇಲ್ಲ. ಆ ಘಮ ಹಾಗಿತ್ತು.

ಸಸ್ಯಾಹಾರಿಗಳಿಗೆ ಒಂದು ಮಾತು, ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿ ಬೀನ್ಸ್ ಅಂದರೆ ಸಸ್ಯಾಹಾರ ಅಂತ ಸುಮ್ನೆ ನಂಬಬೇಡಿ. ಹಂದಿ ಕೊಬ್ಬು ಹಾಕಿ ಕುದಿಸಿರುತ್ತಾರೆ. ತ್ಲಾಯುದಾ ಅನ್ನುವ ದೊಡ್ಡ ರೊಟ್ಟಿಯ ಮೇಲೂ ಅದನ್ನೇ ಸವರುತ್ತಾರೆ. ‘ಸಿನ್ ಮಾಂತೇಕಾ, ಸಿನ್ ಆಸಿಯೆಂತೋ’, ಅಂದರೆ ಹಂದಿ ಕೊಬ್ಬು ಬೇಡ, ಅಂತ ಮೊದಲೇ ಹೇಳಿ. ಕೋಳಿ ಸಾರು ಹಾಕಿದ್ದಾರಾ ಅಂತ ಅನ್ನಕ್ಕೂ ಮೋಲೆಗೂ ಕೇಳಲೇಬೇಕು.

ಮಾರನೇ ದಿನ ಭಾನುವಾರ. ತ್ಲಾಕೊಲೂಲಾ ಅಂತ ಪಕ್ಕದ ಊರಲ್ಲಿ ಭಾನುವಾರದ ಸಂತೆ ಸೇರುತ್ತದೆ. ನಮ್ಮ ಕಡೆಯ ಸಂತೆಯೇ ಸರಿ. ನೆಲದ ಮೇಲೆ ಟಾರ್ಪಾಲು ಹಾಸಿಕೊಂಡು ಮೆಣಸಿನಕಾಯಿ, ಜೋಳ, ಕುಂಬಳ, ಕೋಳಿ, ಹಗ್ಗ, ಬುಟ್ಟಿ. ಕಸೂತಿ ಏಪ್ರನ್ ಕಟ್ಟಿಕೊಂಡ ಹೆಂಗಸರದ್ದೇ ವ್ಯಾಪಾರ. ಒಂದು ಕಡೆ ಹುಣಸೆಹಣ್ಣು ಕಂಡಿತು. ಅಲ್ಲೂ ಅದರ ಹೆಸರು ತಮಾರಿಂದೋ. ಅತ್ತೆ ಒಂದು ಕಿಲೋ ತೂಗಿಸಿಯೇ ಬಿಟ್ಟರು.

ಅದರ ಆಚೆಗೆ ಮಡಕೆ ಸಾಲು. ಒಂದು ಪಕ್ಕ ಸಾನ್ ಮಾರ್ಕೋಸ್ ತ್ಲಾಪಸೋಲಾ ಅನ್ನುವ ಹಳ್ಳಿಯ, ಸಪೊತೆಕ್ ಅನ್ನುವ ಮೂಲನಿವಾಸಿ ಜನಾಂಗದ ಹೆಂಗಸರು ಕೆಂಪು ಮಣ್ಣಿನ ಮಡಕೆ, ಹೆಂಚು ಇಟ್ಟುಕೊಂಡು ಕೂತಿದ್ದರು. ಯಾವ ಮೆರುಗೂ ಇಲ್ಲ. ಮಣ್ಣನ್ನೇ ಕಲ್ಲಿನಿಂದ ಉಜ್ಜಿ ನಯ ಮಾಡಿ ಸುಟ್ಟಿದ್ದು, ಅಷ್ಟೇ. ಇನ್ನೊಂದು ಪಕ್ಕ ಹಸಿರು ಗಾಜು ಸುರಿದ ಹಾಗೆ ಹೊಳೆಯುವ ಮಡಕೆಗಳು. ಅತ್ತೆ ಹಸಿರು ಮಡಕೆಯನ್ನೇ ಎತ್ತಿಕೊಂಡು ಬೆರಳಲ್ಲಿ ತಟ್ಟಿದರು. ಟಣ್ ಅಂತು. ‘ನೋಡಮ್ಮ, ಒಂಚೂರೂ ಬಿರುಕಿಲ್ಲ. ನಮ್ಮ ಉಪ್ಪಿನಕಾಯಿ ಜಾಡಿ ಥರಾನೇ ಇದೆ. ಹುಳಿ ಎಷ್ಟು ಚೆನ್ನಾಗಿ ಬರುತ್ತೆ ಗೊತ್ತಾ ಇದರಲ್ಲಿ’ ಅಂದರು. ನನಗೂ ಹಾಗೇ ಅನ್ನಿಸಿತು. ಚಿಕ್ಕಂದಿನಿಂದ ನಮಗೆ ಮೆರುಗಿನ ಪಾತ್ರೆ ಅಂದರೆ ಉಪ್ಪಿನಕಾಯಿ ಜಾಡಿ. ಹುಳಿ ಪದಾರ್ಥಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ ಅಂತ ಕಲಿತು ಬೆಳೆದವರು ನಾವು. ಅಡುಗೆಗೆ ಆಗುತ್ತಾ ಅಂತ ಮಾರುವವರನ್ನು ಕೇಳಿದೆ. ಹೂಂ ಅಂದರು. ಸುಳ್ಳು ಹೇಳಲಿಲ್ಲ ಆಕೆ. ಅವರ ಮನೆಯಲ್ಲೂ ಅದರಲ್ಲೇ ಅಡುಗೆ. ದೊಡ್ಡದೊಂದು, ಚಿಕ್ಕದೊಂದು ಕೊಂಡೆವು. ಕೆಂಪು ಮಡಕೆಯ ಕಡೆ ನಾನು ತಿರುಗಿಯೂ ನೋಡಲಿಲ್ಲ.

ಮನೆಗೆ ಬಂದು ಗಂಜಿ ಕಾಯಿಸಿ ಮಡಕೆ ಹದ ಮಾಡಿದೆವು. ಆಮೇಲೆ ವಾರಕ್ಕೆ ಮೂರು ನಾಲ್ಕು ದಿನ ಅದರಲ್ಲೇ ಹುಳಿ, ಟೊಮೆಟೊ ಸಾರು, ಗೊಜ್ಜು. ಉಳಿದದ್ದನ್ನು ಮಡಕೆಯಲ್ಲೇ ಬಿಟ್ಟು ಬೆಳಗ್ಗೆ ಬಿಸಿ ಮಾಡುತ್ತಿದ್ದೆವು. ಮಾರನೇ ದಿನದ ಹುಳಿಗೆ ರುಚಿ ಜಾಸ್ತಿ ಅಲ್ವಾ? ಮಗಳು ದಿನಾ ರಾತ್ರಿ ಹುಳಿಯನ್ನ ತಿಂದೇ ಮಲಗುತ್ತಿದ್ದಳು. ಏಪ್ರಿಲ್ ಹೊತ್ತಿಗೆ ಮಡಕೆಯ ಒಳಗೆ ಹುಳಿ ನಿಲ್ಲುವ ಮಟ್ಟಕ್ಕೆ ಸರಿಯಾಗಿ ಒಂದು ಗೆರೆ ಬಿತ್ತು. ಗೆರೆಯ ಮೇಲೆ ಹಸಿರು ಹಾಗೇ ಹೊಳೆಯುತ್ತಿತ್ತು. ಕೆಳಗೆ ಬೂದಿ ಬಳಿದ ಹಾಗೆ ಮಂಕಾಗಿತ್ತು. ನೀರಿನ ಉಪ್ಪಿನ ಕಲೆ ಇರಬೇಕು ಅಂದುಕೊಂಡು ನಾನು ಉಜ್ಜಿ ಉಜ್ಜಿ ತೊಳೆದೆ.

ಮಗಳಿಗೆ ಎರಡು ವರ್ಷ ತುಂಬಿದಾಗ ಮಾಮೂಲಿ ರಕ್ತ ಪರೀಕ್ಷೆ ಆಯಿತು. ರಕ್ತದಲ್ಲಿ ಸೀಸ, ಡೆಸಿಲೀಟರಿಗೆ 14 ಮೈಕ್ರೋಗ್ರಾಂ. ಅಮೆರಿಕದಲ್ಲಿ 3.5 ದಾಟಿದರೇ ಮಗುವಿನ ಮೇಲೆ ಕಣ್ಣಿಡುತ್ತಾರೆ. ಡಾಕ್ಟರು ಫೋನಿನಲ್ಲಿ ಹೇಳಿದಾಗ ನನಗೆ ಮೊದಲು ಅರ್ಥವೇ ಆಗಲಿಲ್ಲ. ಮಗು ಚೆನ್ನಾಗಿ ಓಡಾಡಿಕೊಂಡಿತ್ತು, ಜ್ವರವಿಲ್ಲ, ಏನಿಲ್ಲ. ಸೀಸದ ಭಯವೇ ಅದು. ಮೇಲೆ ಏನೂ ಕಾಣಿಸುವುದಿಲ್ಲ. ಬೆಳೆಯುವ ಮಿದುಳಿಗೆ ಏಟು ಬೀಳುತ್ತದೆ. ಕಲಿಕೆ, ಗಮನ, ಮಾತು ಎಲ್ಲಕ್ಕೂ. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಒಂದಷ್ಟು ಮೂಳೆಗೆ ಸೇರಿ ವರ್ಷಗಟ್ಟಲೆ ಅಲ್ಲೇ ಕೂರುತ್ತದೆ. ನನ್ನದು 6 ಬಂತು. ಮಧ್ಯಾಹ್ನ ಆಫೀಸಿನಲ್ಲಿ ಉಣ್ಣುವ ನಮ್ಮ ಮನೆಯವರದ್ದು 3ಕ್ಕಿಂತ ಕಡಿಮೆ.

ಆರೋಗ್ಯ ಇಲಾಖೆಯಿಂದ ನರ್ಸ್ ಬಂದರು. ಭಾರತದವರ ಮನೆ ಅಂದ ಕೂಡಲೇ ಅವರು ಕೇಳಿದ್ದು ಅರಿಶಿನ, ಕುಂಕುಮ, ಕಾಡಿಗೆ, ಊರಿಂದ ತಂದ ಔಷಧಿ. ಎಲ್ಲವನ್ನೂ ಮೇಜಿನ ಮೇಲೆ ತಂದಿಟ್ಟೆ. ಜೊತೆಗೆ ಬಂದವರು ಬಂದೂಕಿನ ಥರದ ಒಂದು ಯಂತ್ರ ಹಿಡಿದು ಒಂದೊಂದಕ್ಕೇ ತೋರಿಸಿದರು. ಏನೂ ಸಿಗಲಿಲ್ಲ. ಹೊರಡುವಾಗ ಒಲೆಯ ಮೇಲಿದ್ದ ಮಡಕೆ ಅವರ ಕಣ್ಣಿಗೆ ಬಿತ್ತು. ಯಂತ್ರ ಇಟ್ಟರು. ಅವರು ಏನೂ ಮಾತಾಡದೆ ಇನ್ನೊಂದು ಸಲ ಇಟ್ಟು ನೋಡಿದರು. ಅಷ್ಟರಲ್ಲೇ ನನ್ನ ಕೈಕಾಲು ತಣ್ಣಗಾಯಿತು.

ಆಮೇಲೆ ತಿಳಿದುಕೊಂಡದ್ದು ಇದು. ಆ ಮೆರುಗಿಗೆ ಬಳಸುವ ಪುಡಿಗೆ ಅಲ್ಲಿ ಗ್ರೇತಾ ಅನ್ನುತ್ತಾರೆ. ಅದು ಸೀಸದ ಆಕ್ಸೈಡ್. ಸ್ಪೇನಿನವರು 16ನೇ ಶತಮಾನದಲ್ಲಿ ತಂದ ವಿದ್ಯೆ. ಅದಕ್ಕೂ ಮುಂಚೆ ಅಲ್ಲಿನವರು ಮೆರುಗಿಲ್ಲದ ಮಡಕೆಯನ್ನೇ ಮಾಡುತ್ತಿದ್ದರು. ಸೀಸ ಸೇರಿದರೆ ಕಡಿಮೆ ಶಾಖಕ್ಕೇ ಪುಡಿ ಕರಗಿ ಗಾಜಾಗುತ್ತದೆ. ಹಾಗಾಗಿ ಸೌದೆ ಉರಿಸುವ ಆವಿಗೆಯಲ್ಲೂ ಹೊಳಪು ಬರುತ್ತದೆ. ಆದರೆ ಆ ಶಾಖಕ್ಕೆ ಸೀಸ ಪೂರ್ತಿ ಬಂಧಿಯಾಗುವುದಿಲ್ಲ. ಹುಣಸೆ, ಟೊಮೆಟೊ, ನಿಂಬೆ, ಮೊಸರು ಬಿದ್ದರೆ ಬಿಟ್ಟುಕೊಳ್ಳುತ್ತದೆ. ಬಿಸಿ ಮಾಡಿದಷ್ಟೂ, ಹೆಚ್ಚು ಹೊತ್ತು ಇಟ್ಟಷ್ಟೂ ಜಾಸ್ತಿ. ನಮ್ಮ ಉಪ್ಪಿನಕಾಯಿ ಜಾಡಿಯನ್ನು ತುಂಬಾ ಹೆಚ್ಚಿನ ಶಾಖದಲ್ಲಿ ಸುಡುತ್ತಾರೆ, ಅದಕ್ಕೆ ಸೀಸದ ಸಹಾಯ ಬೇಕಿಲ್ಲ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ತಟ್ಟಿ ನೋಡಿದರೂ ಸೀಸ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಆ ಕುಂಬಾರರ ಮೇಲೆ ನನಗೆ ಕೋಪವಿಲ್ಲ. 2018ರ ಮೆಕ್ಸಿಕೊದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ 1ರಿಂದ 4 ವರ್ಷದ ಐದು ಮಕ್ಕಳಲ್ಲಿ ಸುಮಾರು ಒಂದಕ್ಕೆ ರಕ್ತದಲ್ಲಿ ಸೀಸ 5 ಅಥವಾ ಅದಕ್ಕಿಂತ ಹೆಚ್ಚಿತ್ತು. ಇಂಥ ಪಾತ್ರೆಯೇ ಅದಕ್ಕೆ ದೊಡ್ಡ ಕಾರಣ. ಗ್ರೇತಾ ಕಲಸುವ ಮನೆಯ ಮಕ್ಕಳು ಅದರ ಧೂಳಿನಲ್ಲೇ ಬೆಳೆಯುತ್ತವೆ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಈಗ ಸೀಸದ ಬದಲು ಬೋರಾನ್ ಸೇರಿಸಿದ ಮೆರುಗು ಬಳಸುವ ಕುಂಬಾರರೂ ಅಲ್ಲಿದ್ದಾರೆ. ಕೊಳ್ಳುವುದಾದರೆ ಅವರ ಹತ್ತಿರವೇ ಕೊಳ್ಳಿ. ‘ಸಿನ್ ಪ್ಲೋಮೋ’ ಅಂದರೆ ಸೀಸವಿಲ್ಲ ಅಂತ. ಬರೀ ಬಾಯಿ ಮಾತು ನಂಬಬೇಡಿ, ಪರೀಕ್ಷೆ ಮಾಡಿಸಿದ್ದಾರಾ ಕೇಳಿ. ಗೊತ್ತಾಗದಿದ್ದರೆ ಮೆರುಗಿಲ್ಲದ ಕೆಂಪು ಮಡಕೆ ತನ್ನಿ. ಅಲ್ಲಿನ ಹೋಟೆಲಿನಲ್ಲಿ ಒಂದು ಹೊತ್ತು ಮೆರುಗಿನ ಬಟ್ಟಲಲ್ಲಿ ಉಂಡಿದ್ದಕ್ಕೆ ಗಾಬರಿ ಬೀಳಬೇಡಿ. ಕೆಡುಕು ಇರುವುದು ಮನೆಗೆ ತಂದು ದಿನಾ ಬಳಸುವುದರಲ್ಲಿ.

ಈಗಾಗಲೇ ಮನೆಯಲ್ಲಿದ್ದರೆ ಇವತ್ತೇ ಒಲೆಯಿಂದ ಇಳಿಸಿ. ಕುದಿಸಿದರೆ, ಹದ ಮಾಡಿದರೆ ಸೀಸ ಹೋಗುವುದಿಲ್ಲ. ಅಂಗಡಿಯಲ್ಲಿ ಸಿಗುವ, ಉಜ್ಜಿ ನೋಡುವ ಕಿಟ್‌ಗಳು ಎಷ್ಟೋ ಸಲ ತಪ್ಪು ಹೇಳುತ್ತವೆ. ಮಕ್ಕಳು, ಬಸುರಿಯರು ಅದರಲ್ಲಿ ಉಂಡಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಅಷ್ಟೇ ದಾರಿ.

ಮಗಳಿಗೆ ಔಷಧಿ ಕೊಡಲಿಲ್ಲ. ಸೀಸ ಹೊರಹಾಕುವ ಔಷಧಿ ಕೊಡುವುದು 45ರ ಮೇಲೆ ಹೋದರೆ. ಕಬ್ಬಿಣದ ಅಂಶ, ಕ್ಯಾಲ್ಸಿಯಂ ಇರುವ ಊಟ ಕೊಡಿ, ಸೀಸ ಇನ್ನು ಒಳಗೆ ಹೋಗಬಾರದು ಅಂದರು. ಮೂರು ತಿಂಗಳಿಗೆ 8, ಒಂದು ವರ್ಷಕ್ಕೆ 3.

ನರ್ಸ್ ಹೋದ ಮೇಲೆ ನನಗೆ ಚಿಕ್ಕ ಮಡಕೆ ನೆನಪಾಯಿತು. ಅತ್ತೆ ಮಾರ್ಚ್‌ನಲ್ಲಿ ಊರಿಗೆ ಹೋಗುವಾಗ ಸೀರೆಗಳ ಮಧ್ಯೆ ಸುತ್ತಿಕೊಂಡು ಹೋಗಿದ್ದರು. ಹಾಸನದಲ್ಲಿ ಆಗ ನಡುರಾತ್ರಿ. ಆದರೂ ಫೋನ್ ಮಾಡಿದೆ. ‘ಅತ್ತೆ, ಆ ಮಡಕೆ ಏನು ಮಾಡಿದ್ದೀರಿ?’ ಅಂದೆ. ನಿಂಬೆಕಾಯಿ ಉಪ್ಪಿನಕಾಯಿ ಹಾಕಿಟ್ಟು ಮೂರು ವಾರ ಆಗಿತ್ತು. ಅಕ್ಕಪಕ್ಕದ ಮನೆಗೆಲ್ಲ ಕೊಟ್ಟಾಗಿತ್ತು. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಅವರು ಮಾತೇ ಆಡಲಿಲ್ಲ. ಬೆಳಗಾದ ಮೇಲೆ ಮೂರು ಮನೆಗೂ ಹೋಗಿ, ಒಂದೊಂದು ಡಬ್ಬಿಯನ್ನೂ ವಾಪಸ್ ಇಸಿದುಕೊಂಡು ಬಂದರು.