ಗೂಗಲ್ ಟೇಕ್‌ಔಟ್: ಕೊಟ್ಟದ್ದು ವಾಪಸ್ ಬರುತ್ತದೆ, ಲೆಕ್ಕ ಬರುವುದಿಲ್ಲ

ಗೂಗಲ್ ಖಾತೆಯಲ್ಲಿ ವರ್ಷಗಟ್ಟಲೆ ಗುಡ್ಡೆಯಾದ ಮೇಲ್, ಫೋಟೊ, ಹುಡುಕಾಟದ ಇತಿಹಾಸವನ್ನೆಲ್ಲ ಒಟ್ಟಿಗೆ ಇಳಿಸಿಕೊಳ್ಳಲು ಇರುವ ಉಚಿತ ಸೇವೆ ಟೇಕ್‌ಔಟ್. ಶುರುವಾದದ್ದು 2011ರ ಜೂನ್‌ನಲ್ಲಿ. ಯುರೋಪಿನ ಡೇಟಾ ರಕ್ಷಣಾ ಕಾನೂನಾದ ಜಿಡಿಪಿಆರ್ ಜಾರಿಯಾದದ್ದು 2018ರ ಮೇ ತಿಂಗಳಲ್ಲಿ. ಅಂದರೆ ಕಾನೂನು ಕಡ್ಡಾಯ ಮಾಡುವ ಮೊದಲೇ ಬಂದ ಸೌಲಭ್ಯ ಇದು. ಆ ಮಟ್ಟಿಗೆ ಮೆಚ್ಚಲೇಬೇಕು. ಬ್ಯಾಕಪ್ ಸಾಧನವಾಗಿ ಇದನ್ನು ಹೊಗಳಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ವೈಯಕ್ತಿಕ ಡೇಟಾ ರಕ್ಷಣೆಯ ಕಾನೂನು ನಮಗೆ ಕೊಟ್ಟಿರುವ ಹಕ್ಕಿನಲ್ಲಿ ಎಷ್ಟು ಪಾಲು ಈ ಒಂದು ಗುಂಡಿಯಿಂದ ಕೈಗೆ ಬರುತ್ತದೆ ಎಂದು ಅಳೆದವರು ಕಡಿಮೆ.

ಅಳೆಯಲು ಮೊದಲು ಅಳತೆಗೋಲು ಬೇಕು. ಈ ಕಾನೂನಿನ ಕೆಲಸ ಗುಟ್ಟು ಕಾಯುವುದಷ್ಟೇ ಎಂದು ಹಲವರು ತಿಳಿದಿದ್ದಾರೆ. 1983ರ ಡಿಸೆಂಬರ್‌ನಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ಜನಗಣತಿ ಪ್ರಕರಣದಲ್ಲಿ ಹೇಳಿದ್ದು ಅದಕ್ಕಿಂತ ದೊಡ್ಡ ಮಾತು: ತನ್ನ ಬಗ್ಗೆ ಯಾರಿಗೆ ಏನು ಗೊತ್ತಿದೆ ಎಂಬುದೇ ತಿಳಿಯದ ಮನುಷ್ಯ ಅಳುಕಿಲ್ಲದೆ ನಡೆದುಕೊಳ್ಳಲಾರ. ಯುರೋಪಿನ ಮೂಲಭೂತ ಹಕ್ಕುಗಳ ಸನ್ನದಿನ 8ನೇ ವಿಧಿ ಇದೇ ಕಾರಣಕ್ಕೆ ಡೇಟಾ ರಕ್ಷಣೆಯನ್ನು ಪ್ರತ್ಯೇಕ ಹಕ್ಕಾಗಿ ಹೇಳಿ, ತನ್ನ ಬಗ್ಗೆ ಸಂಗ್ರಹಿಸಿದ್ದನ್ನು ನೋಡುವ ಮತ್ತು ತಿದ್ದಿಸುವ ಹಕ್ಕನ್ನು ಅದರೊಳಗೇ ಸೇರಿಸಿತು. ಭಾರತದಲ್ಲಿ ಬುನಾದಿ ಬಿದ್ದದ್ದು 2017ರ ಆಗಸ್ಟ್ 24ರಂದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಸಂವಿಧಾನದ 21ನೇ ವಿಧಿಯ ಭಾಗವೆಂದು ಎತ್ತಿಹಿಡಿಯಿತು. ಒಟ್ಟಿನಲ್ಲಿ ಲೆಕ್ಕ ಕೇಳುವ ಅಧಿಕಾರವೇ ಈ ಕಾನೂನಿನ ಜೀವ.

ಈಗ ಸೇವೆಯನ್ನು ನೋಡೋಣ. ಟೇಕ್‌ಔಟ್ ಪುಟ ತೆರೆದ ಕೂಡಲೇ ಬಹುತೇಕ ಎಲ್ಲ ಸೇವೆಗಳಿಗೂ ಟಿಕ್ ಬಿದ್ದಿರುತ್ತದೆ. ಹಾಗೇ ಮುಂದುವರಿಯಬೇಡಿ. ಎಲ್ಲ ಆಯ್ಕೆ ರದ್ದು ಮಾಡಿ, ಬೇಕಾದ್ದನ್ನು ಮಾತ್ರ ಆರಿಸಿ; ಫೋಟೊ ಮತ್ತು ಡ್ರೈವ್ ಒಂದು ಸಲ, ಉಳಿದದ್ದು ಇನ್ನೊಂದು ಸಲ. ಒಟ್ಟಿಗೆ ಕೇಳಿದರೆ ನೂರಾರು ಜಿಬಿಯ ನಡುವೆ ನಿಜಕ್ಕೂ ನೋಡಬೇಕಾದ ಪುಟ್ಟ ಕಡತಗಳು ಕಳೆದುಹೋಗುತ್ತವೆ. ‘ನನ್ನ ಚಟುವಟಿಕೆ’ ಮತ್ತು ಯೂಟ್ಯೂಬ್ ಇತಿಹಾಸ ತಾನಾಗಿ ಎಚ್‌ಟಿಎಂಎಲ್ ಎಂಬ ವೆಬ್ ಪುಟದ ರೂಪದಲ್ಲಿ ಬರುತ್ತವೆ. ಓದಲು ಅದು ಚೆನ್ನ, ವಿಂಗಡಿಸಲು ಕಷ್ಟ. ಸ್ವರೂಪದ ಗುಂಡಿ ಒತ್ತಿ, ಯಂತ್ರ ಸುಲಭವಾಗಿ ಓದುವ ಪಠ್ಯರೂಪವಾದ ಜೇಸನ್‌ಗೆ (JSON) ಬದಲಿಸಿ.

ಮುಂದಿನ ಹೆಜ್ಜೆಯಲ್ಲಿ ತಲುಪಿಸುವ ಬಗೆ. ಲಿಂಕನ್ನು ಮೇಲ್‌ಗೆ ತರಿಸಿಕೊಳ್ಳಬಹುದು, ಇಲ್ಲವೇ ಡ್ರೈವ್, ಡ್ರಾಪ್‌ಬಾಕ್ಸ್, ಒನ್‌ಡ್ರೈವ್, ಬಾಕ್ಸ್‌ಗೆ ನೇರ ಸೇರಿಸಬಹುದು. ಡ್ರೈವ್‌ಗೆ ಸೇರಿಸಿದರೆ ಅದು ನಿಮ್ಮ ಜಾಗವನ್ನೇ ತಿನ್ನುತ್ತದೆ. ಉಚಿತ 15 ಜಿಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಿದವರ ಖಾತೆಗೆ ಅದರದೇ ಪೂರ್ತಿ ಪ್ರತಿ ಹಿಡಿಸುವುದಿಲ್ಲ. ಕಡತದ ಗಾತ್ರ 1 ಜಿಬಿಯಿಂದ 50 ಜಿಬಿವರೆಗೆ ಆರಿಸಬಹುದು. ಜಾಲ ನಿಧಾನವಾಗಿದ್ದರೆ 2 ಜಿಬಿಯೇ ಸರಿ: 50 ಜಿಬಿಯ ಡೌನ್‌ಲೋಡ್ ನಡುವೆ ಕಡಿದರೆ ಮೊದಲಿನಿಂದ ಶುರು ಮಾಡಬೇಕಾಗಬಹುದು, ಜೊತೆಗೆ 2 ಜಿಬಿ ದಾಟಿದ ಜಿಪ್ ಕಡತಗಳು ಹಳೆಯ ಕಂಪ್ಯೂಟರಿನಲ್ಲಿ ಬಿಚ್ಚಿಕೊಳ್ಳದೆ ಇರುವುದುಂಟು. ಲಿಂಕಿನ ಆಯಸ್ಸು ಸುಮಾರು ಒಂದು ವಾರ. ಎರಡು ತಿಂಗಳಿಗೊಮ್ಮೆಯಂತೆ ಒಂದು ವರ್ಷ ತಾನಾಗಿ ತರಿಸುವ ಆಯ್ಕೆಯೂ ಇದೆ, ಆದರೆ ಅಷ್ಟೂ ಪ್ರತಿಗಳನ್ನು ಎಲ್ಲಿಡುತ್ತೀರಿ ಎಂದು ಮೊದಲೇ ಯೋಚಿಸಿ.

ಮೇಲ್ ವಿಭಾಗ ಅಚ್ಚುಕಟ್ಟು. ಹಲವು ಮೇಲ್‌ಗಳನ್ನು ಒಂದೇ ಕಡತದಲ್ಲಿಡುವ ಎಂಬಾಕ್ಸ್ ಸ್ವರೂಪದಲ್ಲಿ ಬರುತ್ತದೆ, ಲೇಬಲ್‌ಗಳು ಪ್ರತಿ ಸಂದೇಶದ ತಲೆಭಾಗದಲ್ಲೇ ಉಳಿದಿರುತ್ತವೆ, ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿ ಆಮದು ಆಡ್‌ಆನ್ ಹಾಕಿದರೆ ತೆರೆದುಕೊಳ್ಳುತ್ತದೆ. ಸಂಪರ್ಕಗಳು ವಿಕಾರ್ಡ್‌ನಲ್ಲಿ, ಕ್ಯಾಲೆಂಡರ್ ಐಸಿಎಸ್‌ನಲ್ಲಿ. ಯಾವ ಸೇವೆಗೆ ಹೋದರೂ ನಡೆಯುವ ನಾಣ್ಯಗಳು.

ಗೋಳಾಗುವುದು ಫೋಟೊಗಳಲ್ಲಿ. ಪ್ರತಿ ಚಿತ್ರದ ಪಕ್ಕದಲ್ಲಿ ಒಂದು ಜೇಸನ್ ಕಡತ ಇರುತ್ತದೆ. ಕ್ಯಾಮೆರಾ ಬರೆದ ದಿನಾಂಕ ಚಿತ್ರದೊಳಗೇ ಉಳಿದಿದ್ದರೂ, ಗೂಗಲ್ ಫೋಟೋಸ್‌ನಲ್ಲಿ ನೀವು ತಿದ್ದಿದ ದಿನಾಂಕ, ಬರೆದ ವಿವರಣೆ ಆ ಜೇಸನ್‌ನಲ್ಲಿ ಮಾತ್ರ. ಕಸ ಎಂದು ಅದನ್ನು ಅಳಿಸಿದರೆ ತಿದ್ದುಪಡಿಯೂ ಹೋಯಿತು. ಸ್ಕ್ಯಾನ್ ಮಾಡಿದ ಹಳೆಯ ಚಿತ್ರಗಳಿಗೆ ಒಳಗೆ ದಿನಾಂಕವೇ ಇಲ್ಲದ್ದರಿಂದ ಎಲ್ಲವೂ ಜಿಪ್ ಬಿಚ್ಚಿದ ದಿನದ್ದಾಗಿ ಸಾಲುಗಟ್ಟಬಹುದು. ಎಕ್ಸಿಫ್‌ಟೂಲ್ ಎಂಬ ತಂತ್ರಾಂಶದಿಂದ ಜೇಸನ್‌ನ ವಿವರವನ್ನು ಚಿತ್ರಕ್ಕೆ ಬರೆಸಬಹುದು. ಆದರೆ ಅಲ್ಲಿನ ಸಮಯ ಯುಟಿಸಿ (ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ವೇಳೆ), ಸ್ಥಳೀಯ ವೇಳೆಗೆ ಹೊಂದಿಸದಿದ್ದರೆ ನಸುಕಿನ ಚಿತ್ರ ಹಿಂದಿನ ದಿನಕ್ಕೆ ಜಾರುತ್ತದೆ.

ಓಡಾಟದ ಇತಿಹಾಸವನ್ನು ಇಲ್ಲಿ ಹುಡುಕಿ ದಣಿಯಬೇಡಿ. ಅದನ್ನು ದಾಖಲಿಸುವ ಗೂಗಲ್ ಮ್ಯಾಪ್ಸ್‌ನ ಟೈಮ್‌ಲೈನ್ ಈಗ ಫೋನಿನಲ್ಲೇ ಇರುತ್ತದೆ. ಆಂಡ್ರಾಯ್ಡ್‌ನ ಲೊಕೇಶನ್ ಸೆಟ್ಟಿಂಗ್ಸ್ ಒಳಗಿಂದ ಅದನ್ನು ಬೇರೆಯಾಗಿ ರಫ್ತು ಮಾಡಬೇಕು.

ಇಷ್ಟೆಲ್ಲ ಕೈಗೆ ಬಂದರೂ ಕಾನೂನಿನ ಒಂದು ಭಾಗ ಮಾತ್ರ ಈಡೇರಿದಂತೆ. ಜಿಡಿಪಿಆರ್‌ನಲ್ಲಿ ಎರಡು ಬೇರೆ ಹಕ್ಕುಗಳಿವೆ. 20ನೇ ವಿಧಿಯದು ಡೇಟಾವನ್ನು ಹೊತ್ತೊಯ್ಯುವ ಹಕ್ಕು: ನೀವು ಕೊಟ್ಟದ್ದು, ನಿಮ್ಮ ಬಳಕೆಯಿಂದ ದಾಖಲಾದದ್ದು, ಯಂತ್ರ ಓದಬಲ್ಲ ರೂಪದಲ್ಲಿ. ಅದೂ ಸಂಸ್ಥೆ ಸಮ್ಮತಿ ಅಥವಾ ಒಪ್ಪಂದದ ಆಧಾರದಲ್ಲಿ ಬಳಸುತ್ತಿರುವ ಡೇಟಾಗೆ ಮಾತ್ರ. 6ನೇ ವಿಧಿ ಹೇಳುವ ಆಧಾರಗಳು ಆರು. ‘ನ್ಯಾಯಸಮ್ಮತ ಹಿತಾಸಕ್ತಿ’ ಎಂಬ ಆರನೆಯದನ್ನು ಸಂಸ್ಥೆ ಹಿಡಿದುಕೊಂಡರೆ ಹೊತ್ತೊಯ್ಯುವ ಹಕ್ಕು ಅಲ್ಲಿಗೆ ನಿಲ್ಲುತ್ತದೆ. ಯಾವ ಆಧಾರ ಎಂಬ ಒಣ ಪ್ರಶ್ನೆಯ ಮೇಲೆ ನಿಮ್ಮ ಜಿಪ್ ಕಡತದ ತೂಕ ನಿಂತಿದೆ.

15ನೇ ವಿಧಿಯದು ನೋಡುವ ಹಕ್ಕು, ಅದರ ವ್ಯಾಪ್ತಿ ದೊಡ್ಡದು. ಯಾವ ಉದ್ದೇಶಕ್ಕೆ, ಎಷ್ಟು ಕಾಲ, ಎಲ್ಲಿಂದ ಸಿಕ್ಕಿತು, ಯಾರಿಗೆ ಕೊಟ್ಟರು, ನಿಮ್ಮ ಬಗ್ಗೆ ಯಂತ್ರ ಏನು ತೀರ್ಮಾನಿಸುತ್ತಿದೆ ಎಂಬುದೆಲ್ಲ ಇದರೊಳಗೆ ಬರುತ್ತದೆ. ಯಾರಿಗೆ ಎಂಬಲ್ಲಿ ‘ನಮ್ಮ ಪಾಲುದಾರರಿಗೆ’ ಎಂಬ ಹಾರಿಕೆಯ ಉತ್ತರ ಸಾಲದು, ಪತ್ತೆ ಮಾಡಲಾಗದ ಸಂದರ್ಭದಂಥ ವಿನಾಯಿತಿ ಬಿಟ್ಟರೆ ಹೆಸರನ್ನೇ ಹೇಳಬೇಕು ಎಂದು ಯುರೋಪಿನ ನ್ಯಾಯಾಲಯ 2023ರ ಜನವರಿಯಲ್ಲಿ ಆಸ್ಟ್ರಿಯಾದ ಅಂಚೆ ಸಂಸ್ಥೆಯ ಪ್ರಕರಣದಲ್ಲಿ ತೀರ್ಪಿತ್ತಿತು. ಟೇಕ್‌ಔಟ್ ಕೊಡುವ ಜಿಪ್‌ನಲ್ಲಿ ಅಂಥ ಹೆಸರುಗಳ ಪಟ್ಟಿ ಸಿಗುವುದಿಲ್ಲ. ಹೊತ್ತೊಯ್ಯಲು ಹತ್ತಕ್ಕೆ ಎಂಟು ಅಂಕ ಕೊಡಬಹುದಾದ ಸೇವೆಗೆ, ಲೆಕ್ಕ ಕೇಳಲು ಮೂರಕ್ಕಿಂತ ಹೆಚ್ಚು ಕೊಡಲು ಮನಸ್ಸು ಬರುವುದಿಲ್ಲ.

ಭಾರತದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಚಿತ್ರ ಇದಕ್ಕೆ ಸ್ವಲ್ಪ ತಿರುಗುಮುರುಗು. 2019ರ ಮಸೂದೆಯಲ್ಲಿದ್ದ ಹೊತ್ತೊಯ್ಯುವ ಹಕ್ಕು ಈ ಕಾಯ್ದೆಯಲ್ಲಿ ಮಾಯವಾಗಿದೆ. ಇಲ್ಲಿನ ಬಳಕೆದಾರನಿಗೆ ಟೇಕ್‌ಔಟ್ ಕಂಪನಿಯ ಔದಾರ್ಯವೇ ಹೊರತು ಈ ಕಾಯ್ದೆ ಕೊಡಿಸಿದ್ದಲ್ಲ. ಆದರೆ 11ನೇ ಸೆಕ್ಷನ್ ಡೇಟಾದ ಸಾರಾಂಶದ ಜೊತೆಗೆ, ಅದನ್ನು ಹಂಚಿಕೊಂಡ ಇತರ ಸಂಸ್ಥೆಗಳು ಯಾವುವು ಎಂದು ತಿಳಿಯುವ ಹಕ್ಕು ಕೊಡುತ್ತದೆ. ಪೂರ್ತಿ ಪ್ರತಿ ಕೊಡಿ ಎನ್ನುವುದಿಲ್ಲ, ಸಮ್ಮತಿಯ ಮೇಲೆ ಪಡೆದ ಡೇಟಾಗಷ್ಟೇ ಅನ್ವಯ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದರೂ ಈ ಭಾಗಕ್ಕೆ ಹದಿನೆಂಟು ತಿಂಗಳ ಕಾಲಾವಕಾಶವಿದೆ.

ಬಳಸುವವರಿಗೆ ಎರಡು ಎಚ್ಚರಿಕೆ. ಟೇಕ್‌ಔಟ್ ಪ್ರತಿ ಕೊಡುತ್ತದೆಯೇ ವಿನಾ ಮೂಲವನ್ನು ಅಳಿಸುವುದಿಲ್ಲ. ಅಳಿಸುವುದು ಬೇರೆ ಕೆಲಸ. ಇನ್ನೊಂದು, ಇಳಿಸಿಕೊಂಡ ಜಿಪ್‌ಗೆ ಪಾಸ್‌ವರ್ಡ್ ಇರುವುದಿಲ್ಲ. ಇಡೀ ಬದುಕು ಒಂದೇ ಕಡತದಲ್ಲಿ ಬಾಗಿಲಿಲ್ಲದೆ ಬಿದ್ದಿರುತ್ತದೆ. ಎನ್‌ಕ್ರಿಪ್ಟ್ ಮಾಡಿದ ಡಿಸ್ಕ್‌ಗೆ ಸಾಗಿಸಿ, ಡೌನ್‌ಲೋಡ್ಸ್ ಫೋಲ್ಡರ್ ಮತ್ತು ರಿಸೈಕಲ್ ಬಿನ್ ಎರಡನ್ನೂ ಖಾಲಿ ಮಾಡಿ. ಹಂಚಿಕೊಂಡ ಕಂಪ್ಯೂಟರಿನಲ್ಲಂತೂ ಬೇಡವೇ ಬೇಡ.

ಉಳಿದ ಏಳು ಅಂಕ ಬೇಕಿದ್ದರೆ ಪತ್ರ ಬರೆಯಬೇಕು. ಯುರೋಪಿನಲ್ಲಿರುವವರು ಸಂಸ್ಥೆಯ ಡೇಟಾ ರಕ್ಷಣಾಧಿಕಾರಿಗೆ 15ನೇ ವಿಧಿಯನ್ನು ಹೆಸರಿಸಿ, ಸ್ವೀಕರಿಸಿದವರ ಹೆಸರು, ಉಳಿಸಿಕೊಳ್ಳುವ ಅವಧಿ, ಪ್ರತಿ ಉದ್ದೇಶದ ಕಾನೂನು ಆಧಾರ, ನನ್ನ ಬಗ್ಗೆ ಮಾಡಿಕೊಂಡ ಊಹೆಗಳು ಎಂದು ಬಿಡಿಬಿಡಿಯಾಗಿ ಕೇಳಿ. ‘ನನ್ನ ಎಲ್ಲ ಡೇಟಾ ಕೊಡಿ’ ಎಂದಷ್ಟೇ ಬರೆದರೆ ಟೇಕ್‌ಔಟ್ ಲಿಂಕೇ ಉತ್ತರವಾಗಿ ಬರುವ ಸಂಭವ ಹೆಚ್ಚು. ಉತ್ತರಕ್ಕೆ ಗಡುವು ಒಂದು ತಿಂಗಳು, ವಿಷಯ ಜಟಿಲವಾದರೆ ಇನ್ನೆರಡು. ನೋಂದಾಯಿತ ಮೇಲ್ ವಿಳಾಸದಿಂದಲೇ ಬರೆಯಿರಿ. ಅರ್ಜಿದಾರರ ಗುರುತಿನ ಬಗ್ಗೆ ಸಕಾರಣ ಸಂಶಯ ಇದ್ದರೆ ಮಾತ್ರ ಸಂಸ್ಥೆ ಹೆಚ್ಚಿನ ಪುರಾವೆ ಕೇಳಬಹುದು. ಕೇಳುವ ಮೊದಲೇ ಗುರುತಿನ ಚೀಟಿಯ ಪ್ರತಿ ಲಗತ್ತಿಸಿ, ಅವರ ಬಳಿ ಇಲ್ಲದಿದ್ದ ಒಂದು ಡೇಟಾವನ್ನು ನೀವಾಗಿ ಸೇರಿಸಬೇಡಿ.